ಹಳೇ ನಾಣ್ಯದ ಹುಚ್ಚು, ಮನೆಯ ಖರ್ಚು: ಎರಡನ್ನೂ ಜಗಳವಿಲ್ಲದೆ ನಡೆಸೋದು ಹೇಗೆ?

ನಾಣ್ಯ, ನೋಟು ಕೂಡಿಡುವವರ ಮನೆಯಲ್ಲಿ ಜಗಳ ಶುರುವಾಗುವುದು ಹೆಚ್ಚಾಗಿ ಕೊರಿಯರ್ ಹುಡುಗ ಬೆಲ್ ಮಾಡಿದಾಗ.

"ಏನ್ರೀ ಇದು?"

"ಏನಿಲ್ಲ, ಸಣ್ಣದು. ಇನ್ನೂರು ರೂಪಾಯಿ."

ಕವರಿನಲ್ಲಿರುವುದು ಎರಡು ಸಾವಿರದ್ದು ಅಂತ ಇಬ್ಬರಿಗೂ ಗೊತ್ತಿರುತ್ತದೆ. ಎರಡು ಸಾವಿರ ಹೋದದ್ದಕ್ಕಿಂತ, ಇನ್ನೂರು ಅಂದದ್ದೇ ಮನಸ್ಸಿನಲ್ಲಿ ಉಳಿಯುತ್ತದೆ. ಗಂಡ ಸಂಗ್ರಹಕಾರನಾಗಿದ್ದರೂ ಅಷ್ಟೇ, ಹೆಂಡತಿ ಆಗಿದ್ದರೂ ಅಷ್ಟೇ. ಹಾಗಾಗಿ ಈ ಬರಹದಲ್ಲಿ ಹವ್ಯಾಸ ಬಿಡಿ ಅಂತ ಹೇಳುವುದಿಲ್ಲ. ಲೆಕ್ಕ ಹೇಗೆ ಇಡಬೇಕು, ಎಷ್ಟು ಖರ್ಚು ಮಾಡಬಹುದು, ಎಲ್ಲಿ ದುಡ್ಡು ಸುಮ್ನೆ ಹಾಳಾಗುತ್ತದೆ, ಕಷ್ಟ ಬಂದಾಗ ಏನು ಮಾಡಬೇಕು ಅನ್ನುವುದಷ್ಟೇ ಇದೆ.

1. "ಇದು ಇನ್ವೆಸ್ಟ್‌ಮೆಂಟ್" ಅನ್ನುವುದನ್ನು ನಿಲ್ಲಿಸಿ

ನಮ್ಮವರು ಮನೆಯಲ್ಲಿ ಹೇಳುವ ಮೊದಲ ಸುಳ್ಳು ಇದೇ. "ಮುಂದೆ ರೇಟ್ ಬರತ್ತೆ", "ಮಗಳ ಮದುವೆಗೆ ಆಗತ್ತೆ". ಹೇಳಿ ಹೇಳಿ ನಾವೇ ನಂಬಿಬಿಡುತ್ತೇವೆ. ಆಮೇಲೆ ಆರ್‌ಡಿಗೆ ಹೋಗಬೇಕಾದ ದುಡ್ಡು ಆಲ್ಬಂಗೆ ಹೋಗುತ್ತದೆ, ಮನಸ್ಸಿಗೆ ಏನೂ ಅನ್ನಿಸುವುದೇ ಇಲ್ಲ.

ಒಂದು ಬೆಳ್ಳಿ ರೂಪಾಯಿ ತೆಗೆದುಕೊಳ್ಳಿ. ಐದನೇ ಜಾರ್ಜ್ ಮುಖವಿರುವ, 1918ರದ್ದು ಅಂದುಕೊಳ್ಳಿ. ತೂಕ 11.66 ಗ್ರಾಂ. ಅದರಲ್ಲಿ ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿ. ಆ ಇಸವಿಯದ್ದು ರಾಶಿ ರಾಶಿ ಟಂಕಿಸಿದ್ದಾರೆ, ಹಾಗಾಗಿ ಸವೆದ ನಾಣ್ಯಕ್ಕೆ ಬೆಲೆ ಬೆಳ್ಳಿಯದ್ದೇ, ಮೇಲೆ ಸ್ವಲ್ಪ. ನೀವು ಡೀಲರ್ ಹತ್ತಿರ ಕೊಳ್ಳುವಾಗ ಅವನ ಲಾಭ ಸೇರಿಸಿ ಕೊಡುತ್ತೀರಿ. ಅದೇ ನಾಣ್ಯವನ್ನು ಮರುದಿನ ಅವನಿಗೇ ಮಾರಲು ಹೋಗಿ, ಅವನು ತನ್ನ ಲಾಭ ಕಳೆದು ಕೇಳುತ್ತಾನೆ. ಅದು ಅವನ ವ್ಯಾಪಾರ, ತಪ್ಪೇನಿಲ್ಲ. ಆದರೆ ಕೊಂಡ ಬೆಲೆಗೂ ಮಾರುವ ಬೆಲೆಗೂ ಇರುವ ಆ ಅಂತರ ತುಂಬುವುದಕ್ಕೇ ವರ್ಷಗಳು ಬೇಕು.

ಆರನೇ ಜಾರ್ಜ್ ಕಾಲದ 1940ರಿಂದ 1945ರವರೆಗಿನ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕಿಳಿದಿದೆ. 1947ರ ರೂಪಾಯಿ ಪೂರ್ತಿ ನಿಕ್ಕಲ್. ಮ್ಯಾಗ್ನೆಟ್ ಹಿಡಿದರೆ ಟಪ್ಪನೆ ಅಂಟಿಕೊಳ್ಳುತ್ತದೆ, ಪರೀಕ್ಷೆ ಮಾಡಿ ನೋಡಿ. ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕದ್ದೆಲ್ಲ "ಬೆಳ್ಳಿ ರೂಪಾಯಿ" ಅಂತ ಲೆಕ್ಕ ಹಾಕಿಕೊಂಡವರು ಇಲ್ಲಿ ಏಮಾರುತ್ತಾರೆ.

ಟಂಕಸಾಲೆಯಿಂದಲೇ ಬರುವ ಸ್ಮಾರಕ ನಾಣ್ಯಗಳ ಸೆಟ್ ವಿಷಯವೂ ಹಾಗೇ. ನೂರು, ನೂರೈವತ್ತು ರೂಪಾಯಿ ಮುಖಬೆಲೆಯ ನಾಣ್ಯಕ್ಕೆ ಅದರ ಎಷ್ಟೋ ಪಟ್ಟು ಕೊಡುತ್ತೇವೆ. ಚಂದದ ಡಬ್ಬಿ, ಚಂದದ ಕಾರ್ಡು. ಕೆಲವಕ್ಕೆ ಬೆಲೆ ಏರಿದೆ, ಬಹಳಷ್ಟು ಇದ್ದಲ್ಲೇ ಇವೆ.

ಆದ್ದರಿಂದ ನಾಣ್ಯಕ್ಕೆ ಕೊಟ್ಟ ದುಡ್ಡು ಖರ್ಚಾದ ದುಡ್ಡು. ಸಿನಿಮಾಗೆ, ಟೂರಿಗೆ ಖರ್ಚು ಮಾಡಿದ ಹಾಗೆಯೇ ಬರೆದುಕೊಳ್ಳಿ. ಮುಂದೆ ಏನಾದರೂ ವಾಪಸ್ ಬಂದರೆ ಸಂತೋಷ. ಈ ಒಂದು ಮಾತು ಒಪ್ಪಿಕೊಂಡರೆ ಮುಂದಿನ ಹೆಜ್ಜೆಗಳೆಲ್ಲ ಸಲೀಸು.

2. ಇರುವುದನ್ನೆಲ್ಲ ಒಂದು ಸಲ ಬರೆಯಿರಿ

ಒಂದು ಭಾನುವಾರ ಆಲ್ಬಂ, ಡಬ್ಬಿ, ಪೌಚ್ ಎಲ್ಲ ತೆಗೆದು ಮುಂದಿಟ್ಟುಕೊಳ್ಳಿ. ಉದ್ದ ನೋಟ್‌ಬುಕ್ಕಾದರೂ ಸರಿ, ಎಕ್ಸೆಲ್ ಶೀಟಾದರೂ ಸರಿ. ಯಾವ ನಾಣ್ಯ, ಯಾವ ಇಸವಿ, ಯಾವ ಟಂಕಸಾಲೆ, ಸ್ಥಿತಿ ಹೇಗಿದೆ, ಯಾವಾಗ ಕೊಂಡದ್ದು, ಎಷ್ಟು ಕೊಟ್ಟದ್ದು. ಕೊಟ್ಟ ಬೆಲೆ ನೆನಪಿಲ್ಲದಿದ್ದರೆ ಅಂದಾಜು ಹಾಕಿ, ಕಮ್ಮಿ ಹಾಕಬೇಡಿ. ಫೋನಿನಲ್ಲಿ ಎರಡೂ ಬದಿಯ ಫೋಟೋ ತೆಗೆದಿಡಿ.

ಕೊನೆಗೆ ಒಟ್ಟು ಕೂಡಿ. ಆ ಮೊತ್ತ ನೋಡಿ ನಿಮಗೇ ಗಾಬರಿ ಆಗಬಹುದು. ಆಗಲಿ. ಅದನ್ನು ಮನೆಯವರಿಗೂ ತೋರಿಸಿ.

ಬರೆಯುತ್ತಾ ಹೋದರೆ ಇನ್ನೊಂದು ವಿಷಯವೂ ಹೊರಬರುತ್ತದೆ. ಒಂದೇ ನಾಣ್ಯ ಮೂರು ಮೂರು ಕಡೆ ಇರುತ್ತದೆ. ಲಾಟ್‌ನಲ್ಲಿ, ಅಂದರೆ ಒಟ್ಟಿಗೆ ಮಾರುವ ನಾಣ್ಯಗಳ ಗುಂಪಿನಲ್ಲಿ, ಬೇಕಾದದ್ದು ಒಂದು, ಜೊತೆಗೆ ಬಂದದ್ದು ಹತ್ತು. ಈ ಡೂಪ್ಲಿಕೇಟ್‌ಗಳನ್ನು ಬೇರೆ ಪುಟದಲ್ಲಿ ಬರೆಯಿರಿ, ಮುಂದೆ ಕೆಲಸಕ್ಕೆ ಬರುತ್ತವೆ.

3. ಮನೆಯ ಲೆಕ್ಕ ಮೊದಲು, ವರ್ಷದ ಲೆಕ್ಕ

ತಿಂಗಳ ಲೆಕ್ಕ ಮಾತ್ರ ಹಾಕಿದರೆ ಮೋಸ ಹೋಗುತ್ತೀರಿ. ಫೆಬ್ರವರಿಯಲ್ಲಿ ಕೈಯಲ್ಲಿ ದುಡ್ಡು ಓಡಾಡಿದಂತೆ ಕಾಣುತ್ತದೆ, ಯಾಕೆಂದರೆ ಸ್ಕೂಲ್ ಫೀಸು ಇನ್ನೂ ಬಂದಿಲ್ಲ. ಮೇ–ಜೂನ್‌ನಲ್ಲಿ ಫೀಸು, ಪುಸ್ತಕ, ಯೂನಿಫಾರಂ, ಶೂ. ಆಗಸ್ಟ್‌ನಿಂದ ವರಮಹಾಲಕ್ಷ್ಮಿ, ಗೌರಿ–ಗಣೇಶ, ದಸರಾ, ದೀಪಾವಳಿ ಸಾಲಾಗಿ. ನಡುವೆ ಇನ್ಶೂರೆನ್ಸ್ ಪ್ರೀಮಿಯಂ, ಎರಡು ಮದುವೆ, ಒಂದು ಗೃಹಪ್ರವೇಶ. ಇವನ್ನೆಲ್ಲ ವರ್ಷಕ್ಕೆ ಕೂಡಿ, ಹನ್ನೆರಡರಿಂದ ಭಾಗಿಸಿ.

ಒಂದು ಉದಾಹರಣೆ ಮಾಡೋಣ. ಮನೆಗೆ ಕೈಗೆ ಬರುವುದು ತಿಂಗಳಿಗೆ 65,000. ಬಾಡಿಗೆ 16,000. ರೇಷನ್, ಹಾಲು, ತರಕಾರಿ, ಗ್ಯಾಸ್, ಕರೆಂಟ್ 15,000. ಪೆಟ್ರೋಲ್, ಬಸ್ಸು, ಫೋನ್ 6,000. ಗಾಡಿ ಇಎಂಐ 5,000. ಊರಿನಲ್ಲಿರುವ ಅಪ್ಪ ಅಮ್ಮನಿಗೆ 5,000. ವರ್ಷಕ್ಕೆ 72,000 ಸ್ಕೂಲ್ ಖರ್ಚು ಅಂದರೆ ತಿಂಗಳಿಗೆ 6,000. ಟರ್ಮ್ ಮತ್ತು ಹೆಲ್ತ್ ಇನ್ಶೂರೆನ್ಸ್ ವರ್ಷಕ್ಕೆ 36,000, ತಿಂಗಳಿಗೆ 3,000. ಹಬ್ಬ, ಮದುವೆ ವರ್ಷಕ್ಕೆ 30,000, ತಿಂಗಳಿಗೆ 2,500. ಒಟ್ಟು 58,500. ಉಳಿದದ್ದು 6,500.

ಈ 6,500 ಕಂಡ ತಕ್ಷಣ "ಇಷ್ಟಿದೆಯಲ್ಲ" ಅನ್ನಿಸುತ್ತದೆ. ನಿಲ್ಲಿ. ಆರು ತಿಂಗಳ ಮನೆ ಖರ್ಚಿನಷ್ಟು ಆಪತ್ತಿನ ಹಣ ಬ್ಯಾಂಕಿನಲ್ಲಿದೆಯಾ? ಇಲ್ಲ ಅಂದರೆ 4,500 ನೇರ ಆರ್‌ಡಿಗೆ. ಉಳಿದ 2,000 ಮಾತ್ರ ಶೋಕಿಯ ದುಡ್ಡು.

ಆ ಎರಡು ಸಾವಿರವೂ ನಿಮ್ಮದೇ ಅಲ್ಲ. ಅರ್ಧ ನಿಮ್ಮ ಸಂಗಾತಿಯದು. ಒಬ್ಬರಿಗೆ ಸಾವಿರ, ಇನ್ನೊಬ್ಬರಿಗೆ ಸಾವಿರ. ಅವರು ಸೀರೆ ತಗೊಳ್ಳಲಿ, ಗಿಡ ತಗೊಳ್ಳಲಿ, ಕೂಡಿಟ್ಟು ತವರಿಗೆ ಹೋಗಿ ಬರಲಿ, ನೀವು ಕೇಳಬಾರದು. ನಿಮ್ಮ ಸಾವಿರದಲ್ಲಿ ಏನು ಕೊಂಡಿರಿ ಅಂತ ಅವರೂ ಕೇಳಬಾರದು. ಈ ಬರಹದಲ್ಲಿ ಒಂದೇ ಒಂದನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ. ಒಬ್ಬರ ಆಸೆಗೆ ಹವ್ಯಾಸ ಅನ್ನುವ ದೊಡ್ಡ ಹೆಸರು, ಇನ್ನೊಬ್ಬರ ಆಸೆಗೆ ದುಂದು ಅನ್ನುವ ಹೆಸರು ಇದ್ದ ಮನೆಯಲ್ಲಿ ಯಾವ ಬಜೆಟ್ಟೂ ನಿಲ್ಲುವುದಿಲ್ಲ.

ಕ್ರೆಡಿಟ್ ಕಾರ್ಡ್ ಬಾಕಿ ಇದೆ, ಕೈಸಾಲ ಇದೆ, ಚಿನ್ನ ಅಡ ಇದೆ ಅಂದರೆ? ಹವ್ಯಾಸದ ಪಾಲು ಸೊನ್ನೆ, ಅದು ತೀರುವವರೆಗೆ. ಚೀಟಿ ಎತ್ತಿ ನಾಣ್ಯ ಕೊಳ್ಳುವವರನ್ನೂ ನೋಡಿದ್ದೇನೆ, ಅದೂ ಸಾಲವೇ. ಸೊನ್ನೆ ಅಂದರೆ ಹವ್ಯಾಸವೇ ನಿಲ್ಲಬೇಕಾಗಿಲ್ಲ, ಐದನೇ ಹೆಜ್ಜೆ ನೋಡಿ.

4. ಆ ದುಡ್ಡಿಗೆ ಬೇರೆ ಜಾಗ

ಸಂಬಳದ ಖಾತೆಗೆ ಜೋಡಿಸಿದ ಯುಪಿಐನಿಂದ ನಾಣ್ಯ ಕೊಳ್ಳಬೇಡಿ. ಇನ್ನೊಂದು ಸೇವಿಂಗ್ಸ್ ಖಾತೆಗೆ ತಿಂಗಳ ಮೊದಲ ವಾರ ಸಾವಿರ ಹಾಕಿ, ಕೊಳ್ಳುವುದೆಲ್ಲ ಅಲ್ಲಿಂದಲೇ. ಖಾಲಿ ಆಯಿತು ಅಂದರೆ ಆಯಿತು. ಮೂರು ತಿಂಗಳು ಏನೂ ಕೊಳ್ಳದಿದ್ದರೆ ಮೂರು ಸಾವಿರ ಇರುತ್ತದೆ, ಒಳ್ಳೆಯದೊಂದು ಸಿಗುತ್ತದೆ. ಸುಮಾರಾದ ಹತ್ತು ನಾಣ್ಯಕ್ಕಿಂತ ಚೆನ್ನಾಗಿರುವ ಒಂದು ವಾಸಿ. ಇದು ಹಳೇ ಸಂಗ್ರಹಕಾರರೆಲ್ಲ ಹೇಳುವ ಮಾತು, ಹೊಸಬರು ಯಾರೂ ಕೇಳದ ಮಾತು.

ಹರಾಜಿನಲ್ಲಿ ಹುಷಾರು. ನೀವು ಕೂಗುವ ಬೆಲೆ ನೀವು ಕೊಡುವ ಬೆಲೆ ಅಲ್ಲ. ಹರಾಜು ನಡೆಸುವವರ ಕಮಿಷನ್ 20 ಪರ್ಸೆಂಟ್ ಇದೆ ಅಂದುಕೊಳ್ಳಿ, 5,000ಕ್ಕೆ ನಿಂತ ನಾಣ್ಯ ಆಗಲೇ 6,000 ಆಯಿತು. ಅದರ ಮೇಲೆ ಜಿಎಸ್‌ಟಿ, ಕೊರಿಯರ್. ಆದ್ದರಿಂದ ಹರಾಜಿಗೆ ಮೊದಲೇ, ಎಲ್ಲ ಸೇರಿ ಎಷ್ಟು ಕೊಡಬಲ್ಲೆ ಅಂತ ಬರೆದಿಟ್ಟು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಬಿಡ್ ಎಷ್ಟು ಅಂತ ತೀರ್ಮಾನಿಸಿ. ರಾತ್ರಿ ಹತ್ತರ ಮೇಲೆ ವಾಟ್ಸಾಪ್ ಗ್ರೂಪಿನಲ್ಲಿ ನಡೆಯುವ ಹರಾಜುಗಳು ಇನ್ನೂ ಅಪಾಯ. ನಿದ್ದೆಗಣ್ಣಿನಲ್ಲಿ "+100", "+100" ಒತ್ತುತ್ತಾ ಹೋಗುತ್ತೀರಿ, ಬೆಳಿಗ್ಗೆ ಎದ್ದಾಗ ಎಷ್ಟಾಯಿತು ಅಂತ ಗೊತ್ತಾಗುತ್ತದೆ.

5. ಕ್ಷೇತ್ರ ಚಿಕ್ಕದು ಮಾಡಿಕೊಳ್ಳಿ

"ಹಳೇದು ಏನಿದ್ರೂ ಕೊಡಿ" ಅನ್ನುವ ಸಂಗ್ರಹಕಾರನ ದುಡ್ಡಿಗೆ ತಳವೇ ಇಲ್ಲ. ಒಂದು ವಿಷಯ ಹಿಡಿಯಿರಿ, ಕೊಳ್ಳುವುದು ಕಮ್ಮಿ ಆಗುತ್ತದೆ, ತಿಳಿಯುವುದು ಜಾಸ್ತಿ ಆಗುತ್ತದೆ.

ನನಗೆ ಇಷ್ಟವಾದದ್ದು ಮೈಸೂರಿನ ಮೈಲಿ ಕಾಸು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯ. ಒಂದು ಬದಿ ಆನೆ ಅಥವಾ ಸಿಂಹ, ಇಪ್ಪತ್ತು ಕಾಸಿನ ನಾಣ್ಯವಾದರೆ ಕನ್ನಡ, ಇಂಗ್ಲಿಷ್, ಪರ್ಷಿಯನ್ ಮೂರೂ ಲಿಪಿ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಸವೆದ ತಾಮ್ರದ ಮೇಲೆ "ಮಯಿಲಿ ಕಾಸು" ಅನ್ನುವ ಕನ್ನಡ ಅಕ್ಷರ ನಿಧಾನವಾಗಿ ಕಣ್ಣಿಗೆ ಬೀಳುತ್ತದೆ. ಅಚ್ಚು ಸರಿಯಾಗಿ ಬೀಳದೆ ಅರ್ಧ ಅಕ್ಷರ ನಾಣ್ಯದ ಅಂಚಿನಾಚೆ ಹೋಗಿರುವುದೇ ಹೆಚ್ಚು. ಆನೆಯ ಸೊಂಡಿಲು ಒಂದರಲ್ಲಿದ್ದ ಹಾಗೆ ಇನ್ನೊಂದರಲ್ಲಿಲ್ಲ. ಸವೆದ ಮೈಲಿ ಕಾಸು ಕೆಲವು ನೂರು ರೂಪಾಯಿಗೇ ಸಿಗುತ್ತದೆ. ಮೇಲಿನ ಲೆಕ್ಕದ ಸಾವಿರದಲ್ಲಿ ತಿಂಗಳಿಗೊಂದು ಆರಾಮಾಗಿ ಕೊಳ್ಳಬಹುದು. ವಿಜಯನಗರದ ಚಿನ್ನದ ವರಾಹ ಬೇಕು ಅಂತ ಹೊರಟರೆ ವರ್ಷದ ಬಜೆಟ್ ಒಂದೇ ನಾಣ್ಯಕ್ಕೆ ಸಾಲುವುದಿಲ್ಲ. ಅಂಥವನ್ನು ಮ್ಯೂಸಿಯಮ್ಮಿನಲ್ಲಿ ನೋಡಿ ಖುಷಿಪಡಬಹುದು.

ಪಾಲು ಸೊನ್ನೆ ಇರುವವರಿಗೆ: ಜೇಬಿನ ಚಿಲ್ಲರೆ. ಈಗಿನ ನಾಣ್ಯಗಳಲ್ಲಿ ಇಸವಿಯ ಕೆಳಗೆ ಸಣ್ಣ ಗುರುತು ಇರುತ್ತದೆ. ವಜ್ರದ ಆಕಾರ ಮುಂಬೈ, ನಕ್ಷತ್ರ ಹೈದರಾಬಾದ್, ಚುಕ್ಕೆ ನೊಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಒಂದು ರೂಪಾಯಿಯಿಂದ ಇಪ್ಪತ್ತರವರೆಗೆ, ಪ್ರತಿ ಇಸವಿಗೆ ಎಲ್ಲ ಟಂಕಸಾಲೆಯದ್ದೂ ಕೂಡಿಸಲು ಹೊರಡಿ, ವರ್ಷಗಟ್ಟಲೆ ಸಾಕಾಗುತ್ತದೆ. ಖರ್ಚು ಮುಖಬೆಲೆಯಷ್ಟೇ. ಮಕ್ಕಳನ್ನೂ ಕೂರಿಸಿಕೊಳ್ಳಬಹುದು, ಅವರ ಕಣ್ಣು ನಮಗಿಂತ ಚುರುಕು.

ಮಕ್ಕಳಿಗೆ ಅಂಚೆಚೀಟಿಯಲ್ಲಿ ಆಸಕ್ತಿ ಇದ್ದರೆ ಇನ್ನೊಂದು ದಾರಿ ಇದೆ. ಅಂಚೆ ಇಲಾಖೆಯ ದೀನ್ ದಯಾಳ್ ಸ್ಪರ್ಶ್ ಯೋಜನೆ 2017ರಲ್ಲಿ ಶುರುವಾಯಿತು. ಆರರಿಂದ ಒಂಬತ್ತನೇ ತರಗತಿಯ ಮಕ್ಕಳಿಗೆ ರಸಪ್ರಶ್ನೆ, ಪ್ರಾಜೆಕ್ಟ್ ಮೂಲಕ ಆಯ್ಕೆ ಮಾಡಿ ವರ್ಷಕ್ಕೆ 6,000 ರೂಪಾಯಿ ವಿದ್ಯಾರ್ಥಿವೇತನ ಕೊಡುತ್ತಾರೆ. ಹವ್ಯಾಸದಿಂದ ಮನೆಗೆ ದುಡ್ಡು ಬರುವುದು ಅಪರೂಪ, ಕೇಳಿ ನೋಡಿ.

6. ದುಡ್ಡು ಸುಮ್ನೆ ಹೋಗುವ ಜಾಗಗಳು

ಮೊದಲನೆಯದು ನಕಲಿ. ಒಂದು ಬದಿ ರಾಮ, ಸೀತೆ, ಲಕ್ಷ್ಮಣ, ಆಂಜನೇಯ, ಇನ್ನೊಂದು ಬದಿ "ಈಸ್ಟ್ ಇಂಡಿಯಾ ಕಂಪನಿ 1818" ಅಂತಿರುವ ನಾಣ್ಯ ಜಾತ್ರೆಯಲ್ಲಿ, ದೇವಸ್ಥಾನದ ಮುಂದೆ ಮಾರುತ್ತಾರಲ್ಲ? ಕಂಪನಿ ಅಂಥ ನಾಣ್ಯ ಚಲಾವಣೆಗೆ ತಂದೇ ಇಲ್ಲ. ದೇವರ ಮನೆಯಲ್ಲಿಡಲು ಹತ್ತಿಪ್ಪತ್ತು ರೂಪಾಯಿ ಕೊಟ್ಟರೆ ಪರವಾಗಿಲ್ಲ. ಈ ನಾಣ್ಯ ಅಕ್ಕಿ ಕಾಳನ್ನು ತನ್ನತ್ತ ಎಳೆಯುತ್ತದೆ, ಲಕ್ಷ ಕೋಟಿ ಬರುತ್ತದೆ ಅಂದವರ ಹತ್ತಿರ ಮಾತೇ ಬೇಡ, ಅದು "ರೈಸ್ ಪುಲ್ಲಿಂಗ್" ಮೋಸ. ನಮ್ಮ ರಾಜ್ಯದಲ್ಲೇ ಎಷ್ಟು ಜನ ಮನೆ ಮಾರಿಕೊಂಡರೋ.

ಎರಡನೆಯದು "ನಿಮ್ಮ ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಎರಡು ಲಕ್ಷ", "786 ನೋಟಿಗೆ ಐದು ಲಕ್ಷ" ಅನ್ನುವ ಜಾಹೀರಾತು. ಹೆಚ್ಚಾಗಿ ಮನೆಯಲ್ಲಿರುವ ಹಿರಿಯರು ಇದಕ್ಕೆ ಬೀಳುತ್ತಾರೆ. ಫೋನ್ ಮಾಡಿದರೆ ಮೊದಲು ರಿಜಿಸ್ಟ್ರೇಷನ್ ಫೀಸು ಕೇಳುತ್ತಾರೆ, ಆಮೇಲೆ ಟ್ಯಾಕ್ಸು, ಆಮೇಲೆ ರಿಸರ್ವ್ ಬ್ಯಾಂಕ್ ಹೆಸರಿನ ಒಂದು ಪತ್ರ. 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಕೆ ಕೊಟ್ಟಿದೆ: ಹಳೇ ನೋಟು, ನಾಣ್ಯಗಳ ಇಂಥ ವ್ಯವಹಾರ ತಾನು ಮಾಡುವುದಿಲ್ಲ, ಕಮಿಷನ್ ಕೇಳುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ. ಮಾರುವವನೇ ಮೊದಲು ದುಡ್ಡು ಕಟ್ಟಬೇಕು ಅಂದರೆ ಅಲ್ಲಿಗೆ ಫೋನ್ ಇಡಿ.

ಮೂರನೆಯದು ನಮ್ಮ ಮನೆಯಲ್ಲೇ: ಹುಣಸೆಹಣ್ಣು ಮತ್ತು ಪೀತಾಂಬರಿ. ಲಕ್ಷ್ಮಿಪೂಜೆ ಬಂತು, ಅತ್ತೆಯೋ ಅಮ್ಮನೋ ಪ್ರೀತಿಯಿಂದ ಬೆಳ್ಳಿ ರೂಪಾಯಿಗಳನ್ನು ತಿಕ್ಕಿ ಫಳಫಳ ಮಾಡಿ ತಟ್ಟೆಯಲ್ಲಿ ಜೋಡಿಸಿದರು. ತಿಕ್ಕಿದ ನಾಣ್ಯದ ಮೇಲೆ ಕೂದಲೆಳೆಯಂಥ ಗೀರುಗಳು ಬೀಳುತ್ತವೆ, ಸಂಗ್ರಹಕಾರ ಅದನ್ನು ನೋಡಿದ ತಕ್ಷಣ ಬೆಲೆ ಇಳಿಸುತ್ತಾನೆ. ಜಗಳ ಆಡಬೇಡಿ, ಪೂಜೆಗೇ ಅಂತ ಐದು ಸವೆದ ನಾಣ್ಯ ಬೇರೆ ಡಬ್ಬಿಯಲ್ಲಿ ಕೊಟ್ಟುಬಿಡಿ. ಹಬ್ಬವೂ ಆಗುತ್ತದೆ, ಆಲ್ಬಮ್ಮೂ ಉಳಿಯುತ್ತದೆ. ನಾಣ್ಯವನ್ನು ಅಂಚಿನಲ್ಲಿ ಹಿಡಿಯಬೇಕು ಅಂತ ಎಲ್ಲರಿಗೂ ಒಂದು ಸಲ ತೋರಿಸಿ. ಅಗ್ಗದ ಪಿವಿಸಿ ಪೌಚ್‌ಗಳು ಕಾಲ ಕಳೆದಂತೆ ತಾಮ್ರದ ಮೇಲೆ ಹಸಿರು ಅಂಟು ಬಿಡುತ್ತವೆ. ಮಂಗಳೂರು, ಮಲೆನಾಡಿನ ಕಡೆಯವರು ಮಳೆಗಾಲಕ್ಕೆ ಮುಂಚೆ ಸಿಲಿಕಾ ಜೆಲ್ ಪೊಟ್ಟಣ ಬದಲಾಯಿಸಿ.

7. ಕಾನೂನು, ಚಿಕ್ಕದಾಗಿ

ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು, ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅಮೆರಿಕದಲ್ಲಿರುವ ಭಾವ ಕೇಳಿದರು ಅಂತ ಟಿಪ್ಪುವಿನ ಪೈಸೆಯನ್ನು ಸೂಟ್‌ಕೇಸಿಗೆ ಹಾಕಬೇಡಿ. ಪಾಯ ತೋಡುವಾಗ, ಹೊಲ ಉಳುವಾಗ ಸಿಕ್ಕ ನಾಣ್ಯಗಳನ್ನು ಯಾರಾದರೂ ಅಗ್ಗಕ್ಕೆ ತಂದರೆ ಕೊಳ್ಳಬೇಡಿ. ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು, ಕರ್ನಾಟಕದಲ್ಲಿ ಇದಕ್ಕೆಂದೇ 1962ರ ಕಾಯ್ದೆ ಇದೆ.

ರದ್ದಾದ ಹಳೇ 500, 1000ದ ನೋಟುಗಳಿಗೂ ಮಿತಿ ಇದೆ. 2017ರ ಕಾಯ್ದೆ ಪ್ರಕಾರ ಒಟ್ಟು ಹತ್ತು ನೋಟು, ಅಧ್ಯಯನಕ್ಕೋ ಸಂಗ್ರಹಕ್ಕೋ ಆದರೆ 25. ಮೀರಿದರೆ ಹತ್ತು ಸಾವಿರ ರೂಪಾಯಿ ಅಥವಾ ನೋಟುಗಳ ಮುಖಬೆಲೆಯ ಐದು ಪಟ್ಟು, ಯಾವುದು ಜಾಸ್ತಿಯೋ ಅಷ್ಟರವರೆಗೆ ದಂಡ. ಫ್ಯಾನ್ಸಿ ನಂಬರ್, ಅಂದರೆ 786ರಂಥ ವಿಶೇಷ ಸಂಖ್ಯೆ ಇರುವ ನೋಟು ಕೂಡಿಡುವವರು ಎಣಿಸಿ ನೋಡಿಕೊಳ್ಳಿ.

8. ಮನೆಗೆ ದುಡ್ಡು ಬೇಕಾದಾಗ

ಆಸ್ಪತ್ರೆ, ಕಾಲೇಜ್ ಸೀಟು, ಕೆಲಸ ಹೋದದ್ದು. ಆಗ ಮೊದಲು ಮುಟ್ಟಬೇಕಾದದ್ದು ಆಪತ್ತಿನ ಹಣ. ನಾಣ್ಯ ಅವಸರಕ್ಕೆ ಆಗುವ ವಸ್ತು ಅಲ್ಲ. ಒಳ್ಳೆಯ ನಾಣ್ಯವನ್ನು ಒಳ್ಳೆಯ ಬೆಲೆಗೆ ಹರಾಜಿನಲ್ಲಿ ಮಾರಬೇಕಾದರೆ ತಿಂಗಳುಗಳೇ ಹಿಡಿಯುತ್ತವೆ. ಇವತ್ತೇ ಬೇಕು ಅಂದರೆ ಡೀಲರ್ ಹೇಳಿದ್ದೇ ಬೆಲೆ. ಚಿನ್ನಾಭರಣದ ಹಾಗೆ ಅಡ ಇಡೋಣ ಅಂದರೆ ಅದೂ ಕಷ್ಟ, ಅಡ ಇಟ್ಟುಕೊಳ್ಳುವವರು ನೋಡುವುದು ಲೋಹದ ತೂಕ, ಅದರ ಅಪರೂಪವನ್ನಲ್ಲ.

ಆದರೂ ಮಾರಲೇಬೇಕಾಗಿ ಬಂದರೆ ಡೂಪ್ಲಿಕೇಟ್ ಪುಟದಿಂದ ಶುರು ಮಾಡಿ. ಆಮೇಲೆ ಮಾಮೂಲಿ ಇಸವಿಯ ಬೆಳ್ಳಿ ರೂಪಾಯಿ, ಬೆಳ್ಳಿ ರೇಟ್ ಏರಿದ್ದಾಗ ಇವನ್ನು ಮಾರುವುದು ಸುಲಭ. ಬೆಳ್ಳಿ ಅಂಗಡಿಗೆ ಹೋಗುವ ಮುಂಚೆ ಒಬ್ಬ ನಾಣ್ಯದ ಡೀಲರಿಗೆ ತೋರಿಸಿ. 1939ರ ಆರನೇ ಜಾರ್ಜ್ ರೂಪಾಯಿಯಂಥ ಅಪರೂಪದ್ದು ಕರಗುವ ರಾಶಿಯಲ್ಲಿ ಸೇರಿ ಹೋಗಬಾರದು ಅಲ್ವಾ. ನಿಮ್ಮ ಮುಖ್ಯ ವಿಷಯದ ಸಂಗ್ರಹ ಕೊನೆಗೆ. ಅದನ್ನೂ ಮಾರಬೇಕಾಗಿ ಬಂದರೆ ಒಂದೇ ಲಾಟ್ ಮಾಡಿ ಒಬ್ಬರಿಗೆ ಕೊಡಬೇಡಿ, ಕನಿಷ್ಠ ಮೂರು ಕಡೆ ಬೆಲೆ ಕೇಳಿ.

9. ನೀವಿಲ್ಲದಿದ್ದರೂ ಮನೆಯವರಿಗೆ ಗೊತ್ತಾಗುವಂತೆ

ಸಂಗ್ರಹಕಾರ ಹೋದ ಮೇಲೆ ಇಡೀ ಜೀವಮಾನದ ಸಂಗ್ರಹ ಕೆಜಿ ಲೆಕ್ಕದಲ್ಲಿ ಹೋಗಿರುವುದುಂಟು. ಮನೆಯವರಿಗೆ ಗೊತ್ತಿರುವುದಿಲ್ಲ, ಬಂದವನು ಹೇಳಿದ್ದಕ್ಕೆ ಕೊಟ್ಟುಬಿಡುತ್ತಾರೆ.

ಎರಡನೇ ಹೆಜ್ಜೆಯ ಆ ಪಟ್ಟಿಯನ್ನು ವರ್ಷಕ್ಕೊಮ್ಮೆ ತಿದ್ದಿ, ಒಂದು ಪ್ರತಿ ಇನ್ಶೂರೆನ್ಸ್ ಪಾಲಿಸಿ, ಮನೆ ಪತ್ರದ ಫೈಲಿನಲ್ಲಿಡಿ. ಬೆಲೆ ಬಾಳುವ ಹತ್ತು ನಾಣ್ಯಗಳಿಗೆ ಕೆಂಪು ಗುರುತು ಹಾಕಿ. ಬೆಲೆ ಹೇಳಬಲ್ಲ ಇಬ್ಬರು ಸ್ನೇಹಿತರ ಹೆಸರು, ನಂಬರ್ ಬರೆಯಿರಿ. ಒಬ್ಬರದ್ದು ಸಾಲದು, ಇಬ್ಬರದ್ದು ಬೇಕು. ಲಾಕರಿನಲ್ಲಿಟ್ಟಿದ್ದರೆ ನಾಮಿನಿ ಯಾರು ಅಂತ ನೋಡಿಕೊಳ್ಳಿ. ಲಾಕರಿನಲ್ಲಿ ಏನಿದೆ ಅಂತ ಬ್ಯಾಂಕಿಗೆ ಗೊತ್ತಿರುವುದಿಲ್ಲ. ಬೆಂಕಿ, ಕಳ್ಳತನ ಅಥವಾ ಸಿಬ್ಬಂದಿಯ ಮೋಸದಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ ನೂರು ಪಟ್ಟಿನವರೆಗೆ. ಮನೆ ಇನ್ಶೂರೆನ್ಸ್ ಪಾಲಿಸಿಯಲ್ಲಿ ನಾಣ್ಯ, ನೋಟುಗಳನ್ನು ಬೇರೆಯಾಗಿ ನಮೂದಿಸದಿದ್ದರೆ ಸಾಮಾನ್ಯವಾಗಿ ಸೇರಿರುವುದಿಲ್ಲ, ಏಜೆಂಟನ್ನು ಕೇಳಿ ಬರವಣಿಗೆಯಲ್ಲಿ ತಗೊಳ್ಳಿ.

ಪಟ್ಟಿಯ ಮೇಲೆ ದಪ್ಪ ಅಕ್ಷರದಲ್ಲಿ ಎರಡು ಸಾಲು ಬರೆದಿಡಿ: "ತೊಳೆಯಬೇಡಿ. ಆರು ತಿಂಗಳು ಯಾರಿಗೂ ಮಾರಬೇಡಿ."